ಬಂಡಿಯ ಗಾಲಿಯಿಂದ ಲಾರಿಯ ಚಕ್ರಕ್ಕೆ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದುದು ಬ್ರಿಟಿಷ್ ರೆಸಿಡೆಂಟನ ಮಹಲಿನಿಂದ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಆ ಸೌಧದ ಚರಿತ್ರೆಯನ್ನು ಬರೆದವರು ಹಲವರು. ಅದರ ಮುಂದಿನ ಬೀದಿಯಲ್ಲಿ ಉರುಳಿದ ಗಾಲಿಗಳ ಚರಿತ್ರೆಯತ್ತ ಕಣ್ಣು ಹಾಯಿಸಿದವರು ವಿರಳ. ಜನರ ಪ್ರಾಣಕ್ಕೆ ಸಂಬಂಧಿಸಿದುದಾದ್ದರಿಂದ ಈ ವಿಷಯವೂ ವಿಚಾರಾರ್ಹವೆಂದು ತೋರುತ್ತದೆ.

ರಾಯಚೂರು, ಗುಲ್ಬರ್ಗ ಸೀಮೆಯ ಎರೆನೆಲದಲ್ಲಿ ನಡೆಯಬೇಕಾದ ಬಂಡಿಗೆ ಎತ್ತರದ ಗಾಲಿಯೇ ಬೇಕು. ದೊಡ್ಡ ಗಾಲಿಯು ತಗ್ಗುದಿಣ್ಣೆಗಳನ್ನು ಸುಲಭವಾಗಿ ದಾಟುವುದು. ಮೆದು ನೆಲದಲ್ಲಿ ಕಡಿಮೆ ಹೂಳುವುದು. ಇಳಿಜಾರಿನಲ್ಲಿ ಅದನ್ನು ತಡೆಯುವ ಬಿರಿಯಾದರೋ ಮರದ ತುಂಡು. ಅದು ಒತ್ತುವುದು ಗಾಲಿಯ ಅಂಚನ್ನೇ. ತೇರಿಗೆ ಬೆಣೆ ಕೊಡುವುದೂ ಅಂಚಿನಲ್ಲಿಯೇ. ತಡೆಯು ಅಂಚಿನಲ್ಲಿರುವುದರಿಂದ, ಗಾಲಿ ಎಷ್ಟು ದೊಡ್ಡದಾದರೂ ಅದರ ಬಲ ಕುಂದದು.

1932ರ ಜೂನ್ ತಿಂಗಳಲ್ಲಿ ನಿಜಾಮ್ಸ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ಶಾಖೆಯು 27 ಬಸ್ಸುಗಳಿಂದಲೂ 166 ಮಂದಿ ನೌಕರರಿಂದಲೂ ಆರಂಭವಾಯಿತು. ಗ್ಲಾಸ್ಗೋ ನಗರದ ಆಲ್ಬಿಯನ್ ಬಸ್ಸುಗಳು ಸಂಸ್ಥಾನಕ್ಕೆ ಬಂದವು. ಇಲ್ಲಿ ಗಾಲಿಯ ಧರ್ಮವೇ ಬೇರೆಯಾಯಿತು. ಮೋಟಾರಿನ ಬಲ ಬರುವುದು ಅಚ್ಚಿನಿಂದ. ಬ್ರೇಕು ಹಿಡಿಯುವುದು ಗುಂಬದ ಬಳಿಯ ಡ್ರಮ್ಮನ್ನು. ಆದಕಾರಣ ಗಾಲಿಯ ಗಾತ್ರವು ಎಳೆತ, ತಡೆ ಎರಡನ್ನೂ ಆಳತೊಡಗಿತು.

ಒಂದು ಲೆಕ್ಕವನ್ನು ನೋಡೋಣ. ಡ್ರಮ್ಮಿನ ವ್ಯಾಸ 16 ಅಂಗುಲ, ಗಾಲಿಯದು 40 ಅಂಗುಲ ಇರಲಿ. ನೆಲದಲ್ಲಿ 100 ಪಾಲು ತಡೆ ದೊರೆಯಲು ಡ್ರಮ್ಮಿನಲ್ಲಿ 250 ಪಾಲು ಘರ್ಷಣೆ ಬೇಕು. ಗಾಲಿಯನ್ನು 44 ಅಂಗುಲಕ್ಕೆ ಏರಿಸಿದರೆ 275 ಪಾಲು ಬೇಕಾಗುವುದು. ಅದೇ ಗೇರಿನಲ್ಲಿ ಎಳೆತವು 100ರಿಂದ ಸುಮಾರು 91ಕ್ಕೆ ಇಳಿಯುವುದು. ವೇಗಮಾಪಕವು 40 ಎಂದು ತೋರಿಸುವಾಗ ಲಾರಿಯು 44ರ ವೇಗದಲ್ಲಿರುವುದು.

ಹಾಗೆಂದು ಚಿಕ್ಕ ಗಾಲಿಯೇ ಶ್ರೇಷ್ಠವೆನ್ನಲಾಗದು. ಅದು ಗುಂಡಿಗಳಲ್ಲಿ ಕುಸಿಯುವುದು. ಅದರೊಳಗೆ ದೊಡ್ಡ ಡ್ರಮ್ಮಿಗೆ ಸ್ಥಳವಿಲ್ಲ. ಓಡುವ ಭಾರವನ್ನು ನಿಲ್ಲಿಸುವಾಗ ಹುಟ್ಟುವ ಶಾಖವಾದರೋ ಗಾಲಿ ಚಿಕ್ಕದೆಂದು ಕಡಿಮೆಯಾಗುವುದಿಲ್ಲ. ಇಕ್ಕಟ್ಟಿನಲ್ಲಿ ಆ ಶಾಖವು ಆರದೆ ಬ್ರೇಕಿನ ಹಿಡಿತ ಸಡಿಲುವುದು. ಗಾಲಿ, ಗೇರು, ಡ್ರಮ್ಮು ಈ ಮೂರೂ ಒಂದಕ್ಕೊಂದು ಹೊಂದಿರಬೇಕೆಂಬುದೇ ಇದರ ತಾತ್ಪರ್ಯ.

1956ರ ನವೆಂಬರ್ 1ರಂದು ಸಂಸ್ಥಾನದ ಸೀಮೆ ಹಂಚಿಹೋಗಿ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಗಡಿ ಬದಲಾಯಿತು, ಬೀದರಿನ ಜಂಬಿಟ್ಟಿಗೆಯ ಏರಿಳಿತಗಳಾಗಲಿ ರಾಯಚೂರಿನ ಎರೆನೆಲವಾಗಲಿ ಬದಲಾಗಲಿಲ್ಲ. ಹೆಚ್ಚು ಹೊರೆಯ ಆಸೆಯಿಂದ, ತಯಾರಕರು ವಿಧಿಸಿದುದಕ್ಕಿಂತ ದೊಡ್ಡ ಟೈರನ್ನು ಲಾರಿಗೆ ತೊಡಿಸುವವರು ಬಂಡಿಯ ನ್ಯಾಯವನ್ನೇ ನಂಬಿರುತ್ತಾರೆ: ಗಾಲಿ ಎತ್ತರವಾದಷ್ಟೂ ಮೇಲು ಎಂದು. ಆ ನ್ಯಾಯ ಸುಳ್ಳಲ್ಲ. ಆದರೆ ಅದು ಅಂಚಿಗೆ ಬಿರಿ ಒತ್ತುತ್ತಿದ್ದ ಕಾಲದ್ದು. ಬಿರಿಯು ಅಂಚನ್ನು ಬಿಟ್ಟು ಗುಂಬಕ್ಕೆ ಸರಿದ ಮೇಲೆ ಗಾಲಿಯ ಎತ್ತರಕ್ಕೆ ತೆರಬೇಕಾದ ಬೆಲೆಯು ಇಳಿಜಾರಿನಲ್ಲಿಯೇ ತಿಳಿಯುವುದು. ಅಲ್ಲಿ ತಿಳಿಯುವುದು ತಡವಾಗಿ ತಿಳಿದಂತೆ.