ಮಕ್ಕಳ ಅಳತೆಗೆ ಇಳಿದ ಕ್ರಿಕೆಟ್

ಹತ್ತು ವರ್ಷದ ಹುಡುಗನ ಕೈಗೆ ಚೆಂಡು ಕೊಟ್ಟು 22 ಗಜ ದೂರದ ಸ್ಟಂಪಿಗೆ ಎಸೆಯಲು ಹೇಳಿದರೆ ಏನಾಗುತ್ತದೆಂದು ಶಾಲಾ ಪಂದ್ಯ ನೋಡಿದವರಿಗೆಲ್ಲ ಗೊತ್ತು. ಚೆಂಡು ಎರಡು ಪುಟ ಬಿದ್ದು ತೆವಳುತ್ತದೆ, ಇಲ್ಲವೇ ವೈಡ್ ಆಗುತ್ತದೆ. ಆಟ ಬಲ್ಲ ಇಬ್ಬರು ಮೂವರು ಓವರುಗಟ್ಟಲೆ ಆಡುತ್ತಾರೆ. ಉಳಿದವರು ಬೌಂಡರಿ ಬಳಿ ಬಿಸಿಲು ಕಾಯುತ್ತಾರೆ. ಮಕ್ಕಳನ್ನು ಕ್ಲಬ್ ಕ್ರಿಕೆಟ್ಟಿಗೆ ಕರೆತಂದು ಉಳಿಸಿಕೊಳ್ಳಲು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ನಾಲ್ಕು ದಶಕಗಳಿಂದ ಮಾಡಿದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ, ಅವು ಸುತ್ತಿ ಸುತ್ತಿ ಬರುವುದು ಒಂದೇ ಪ್ರಶ್ನೆಗೆ: ಒಂದು ಪಂದ್ಯದಲ್ಲಿ ಒಂದು ಮಗುವಿಗೆ ಎಷ್ಟು ಚೆಂಡು ಸಿಕ್ಕಿತು?

ಮೊದಲು ಬದಲಾದದ್ದು ಸಲಕರಣೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಶಾಲೆಗಳಿಗೆ ‘ಕಾಂಗಾ ಕ್ರಿಕೆಟ್’ ಬಂತು, ಇಂಗ್ಲೆಂಡಿಗೆ ‘ಕ್ವಿಕ್ ಕ್ರಿಕೆಟ್’. ಪ್ಲಾಸ್ಟಿಕ್ ಬ್ಯಾಟು, ಪ್ಲಾಸ್ಟಿಕ್ ಸ್ಟಂಪು, ಮೆತ್ತನೆಯ ಚೆಂಡು. ಪ್ಯಾಡು ಬೇಡ, ಪಿಚ್ ಬೇಡ. ಶಾಲೆಯ ಅಂಗಳವೇ ಸಾಕು. ಕ್ರಿಕೆಟ್ ಆಡಿ ಗೊತ್ತಿಲ್ಲದ ಶಿಕ್ಷಕಿಯೂ ಆಡಿಸಬಹುದಿತ್ತು, ಹುಡುಗ ಹುಡುಗಿಯರು ಒಟ್ಟಿಗೆ ಆಡಬಹುದಿತ್ತು. ಆದರೆ ರುಚಿ ಹತ್ತಿಸಿಕೊಂಡು ಕ್ಲಬ್ಬಿಗೆ ಹೋದ ಮಗುವಿಗೆ ಅಲ್ಲಿ ಎದುರಾಗುತ್ತಿದ್ದುದು ಗಟ್ಟಿ ಚೆಂಡು ಮತ್ತು ದೊಡ್ಡವರ ನಿಯಮ. ನಡುವೆ ಮೆಟ್ಟಿಲೇ ಇರಲಿಲ್ಲ.

ಇಂಗ್ಲೆಂಡಿನ ತೊಡಕು ಇನ್ನೂ ಆಳದ್ದು. ಖಾಸಗಿ ಶಾಲೆಗಳು ನೆಟ್ಸ್, ಮೈದಾನ, ಕೋಚ್ ಎಲ್ಲವನ್ನೂ ಉಳಿಸಿಕೊಂಡವು. ಸರ್ಕಾರಿ ಶಾಲೆಗಳಲ್ಲಿ ಆಟ ಸೊರಗಿತು. ಅಲ್ಲಿಗೆ ಕ್ರಿಕೆಟ್ಟನ್ನು ಮರಳಿ ಒಯ್ಯಲೆಂದು 2005ರಲ್ಲಿ ‘ಚಾನ್ಸ್ ಟು ಶೈನ್’ ಶುರುವಾಯಿತು. ಇಡೀ ದೇಶ ಟಿವಿ ಮುಂದೆ ಕೂತು ಆ್ಯಷಸ್ ಗೆಲುವು ನೋಡಿದ ವರ್ಷವದು. ಮರುವರ್ಷವೇ ಟೆಸ್ಟ್ ಪಂದ್ಯಗಳ ನೇರಪ್ರಸಾರ ಚಂದಾ ಕಟ್ಟುವ ಚಾನೆಲ್ಲಿಗೆ ಹೋಯಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು. 2017ರಲ್ಲಿ ಬಂದ ‘ಆಲ್ ಸ್ಟಾರ್ಸ್’ 5ರಿಂದ 8 ವರ್ಷದವರಿಗೆ. ಹೆಸರು ಹಾಕಿಸಿಕೊಂಡ ಮಗುವಿಗೆ ಬ್ಯಾಟು, ಚೆಂಡು, ಅಂಗಿ ಇರುವ ಚೀಲವೂ ಸಿಗುತ್ತಿತ್ತು. ಆದರೂ ಕ್ರಿಕೆಟ್ಟಿನಲ್ಲಿ ವರ್ಗ, ವರ್ಣ, ಲಿಂಗದ ಗೋಡೆಗಳು ಗಟ್ಟಿಯಾಗಿಯೇ ಇವೆ ಎಂದು 2023ರ ಸ್ವತಂತ್ರ ಆಯೋಗದ ವರದಿ ಮುಲಾಜಿಲ್ಲದೆ ಹೇಳಿತು.

ಆಟದ ಅಳತೆಯನ್ನೇ ತಿದ್ದುವ ಧೈರ್ಯ ತೋರಿದ್ದು ಆಸ್ಟ್ರೇಲಿಯಾ. 2017-18ರ ಸೀಸನ್ನಿನಿಂದ ಅಲ್ಲಿ ಮಕ್ಕಳ ಪಂದ್ಯಗಳಿಗೆ ಮೂರು ಹಂತ. ಮೊದಲ ಹಂತದಲ್ಲಿ 16 ಮೀಟರ್ ಪಿಚ್, ತಂಡಕ್ಕೆ 7 ಜನ; ಎರಡನೆಯದರಲ್ಲಿ 18 ಮೀಟರ್, 9 ಜನ; ಮೂರನೆಯದರಲ್ಲಷ್ಟೇ ಪೂರ್ಣ ಪಿಚ್, 11 ಜನ. ಪಿಚ್ ಗಿಡ್ಡವಾದರೆ ಬೌಲರ್ ತೋಳು ತಿರುಚದೆ ಸ್ಟಂಪಿನ ಮೇಲೆ ಹಾಕಬಲ್ಲ, ವೈಡ್ ಇಳಿಯುತ್ತದೆ. ಫೀಲ್ಡರ್‌ಗಳು ಕಡಿಮೆಯಾದರೆ ಹೊಡೆದ ಚೆಂಡಿಗೆ ರನ್ ಸಿಗುತ್ತದೆ, ಎಲ್ಲರ ಕಡೆಗೂ ಚೆಂಡು ಬರುತ್ತದೆ. ಪಂದ್ಯ ಬೇಗ ಮುಗಿದು ಅಪ್ಪ ಅಮ್ಮನ ಶನಿವಾರವೂ ಉಳಿಯುತ್ತದೆ. ಇದಕ್ಕಿಂತ ಚಿಕ್ಕ ಮಕ್ಕಳಿಗೆ 2018ರಿಂದ ‘ಕ್ರಿಕೆಟ್ ಬ್ಲಾಸ್ಟ್’ ಇದೆ.

ಹುಡುಗಿಯರ ಕಥೆ ಬೇರೆ. ಹುಡುಗರ ತಂಡದಲ್ಲಿ ಒಬ್ಬಳೇ ಆಗಿ ಆಡುವ ಸಂಕೋಚವೇ ಎಷ್ಟೋ ಜನರನ್ನು ಹೊರಗಿಟ್ಟಿತ್ತು. ಹುಡುಗಿಯರದೇ ಲೀಗುಗಳಿಗೆ ಕ್ಲಬ್ಬುಗಳು ಒತ್ತು ಕೊಡತೊಡಗಿದವು. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಮಹಿಳೆಯರ ಬಿಗ್ ಬ್ಯಾಷ್ ಲೀಗ್ ಶುರುವಾಯಿತು. 2020ರ ಮಾರ್ಚ್ 8ರಂದು ಭಾರತ-ಆಸ್ಟ್ರೇಲಿಯಾ ಮಹಿಳಾ ಟಿ20 ವಿಶ್ವಕಪ್ ಫೈನಲ್ ನೋಡಲು ಮೆಲ್ಬರ್ನ್ ಮೈದಾನದಲ್ಲಿ 86,174 ಜನ ಸೇರಿದ್ದರು.

ಈಗಿನ ಅಧ್ಯಾಯ ವಲಸಿಗರದು. 2021ರ ಜನಗಣತಿಯಂತೆ ಆಸ್ಟ್ರೇಲಿಯಾದಲ್ಲಿ ಭಾರತದಲ್ಲಿ ಹುಟ್ಟಿದವರು 6.73 ಲಕ್ಷ, ಕನ್ನಡದ ಮನೆಗಳೂ ಅದರಲ್ಲಿ ಸೇರಿವೆ. ಇಂಥ ವಲಸಿಗ ಮನೆಗಳ ಕ್ರಿಕೆಟ್ ಹುಚ್ಚು ಕ್ಲಬ್ಬಿನಿಂದ ಮೇಲಿನ ಹಂತಗಳಿಗೆ ಏರಬೇಕೆಂದು ಕ್ರಿಕೆಟ್ ಆಸ್ಟ್ರೇಲಿಯಾ 2023ರಲ್ಲಿ ಬಹುಸಂಸ್ಕೃತಿ ಕ್ರಿಯಾಯೋಜನೆ ಪ್ರಕಟಿಸಿತು. 2024ರ ಅಂಡರ್-19 ವಿಶ್ವಕಪ್ ಫೈನಲ್ಲಿನಲ್ಲಿ ಭಾರತದ ವಿರುದ್ಧ ಆಸ್ಟ್ರೇಲಿಯಾ ಪರ ಹೆಚ್ಚು ರನ್, 55, ಹೊಡೆದವನು ಅಂಥದೇ ಮನೆಯ ಹುಡುಗ ಹರ್ಜಸ್ ಸಿಂಗ್.

ಇದನ್ನೆಲ್ಲ ಓದುವ ನಮ್ಮವರಿಗೆ ನಗು ಬಂದೀತು. ಗಿಡ್ಡ ಪಿಚ್, ಟೆನ್ನಿಸ್ ಬಾಲ್, ಒನ್ ಪಿಚ್ ಕ್ಯಾಚ್ ಔಟ್, ಆಳು ಕಮ್ಮಿಯಾದರೆ ಎರಡೂ ಕಡೆಗೆ ಆಡುವ ಕಾಮನ್ ಪ್ಲೇಯರ್: ನಮ್ಮ ಗಲ್ಲಿಗಳಲ್ಲಿ ಮಕ್ಕಳೇ ಇದನ್ನು ಯಾವ ಸಮಿತಿಯೂ ಇಲ್ಲದೆ ಮಾಡಿಕೊಂಡಿದ್ದಾರೆ. ಕರ್ನಾಟಕದಲ್ಲಿ ಮಕ್ಕಳಿಗೆ ಕ್ರಿಕೆಟ್ ಹುಚ್ಚು ಹಿಡಿಸಬೇಕಾಗಿಲ್ಲ. ಇಲ್ಲಿ ಕೊಂಡಿ ಕಳಚುವುದು ಲೆದರ್ ಬಾಲಿಗೆ ಬಂದಾಗ. ಕಿಟ್ಟಿನ ಬೆಲೆ, ಕೋಚಿಂಗ್ ಕ್ಯಾಂಪಿನ ಫೀಸು, ಮನೆಗಳೆದ್ದ ಖಾಲಿ ಸೈಟುಗಳು ಒಂದು ಕಡೆ. ಇನ್ನೊಂದು ಕಡೆ, ನಮ್ಮ ಶಾಲಾ ಟೂರ್ನಿಯಿಂದ 16ರ ಒಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿಯವರೆಗಿನ ಏರ್ಪಾಡೆಲ್ಲ ಪ್ರತಿಭೆ ಆರಿಸುವ ಜರಡಿ. ಅದರಿಂದ ಕೆಳಗೆ ಉದುರಿದ ಹುಡುಗ, ಹುಡುಗಿಗೆ ವಾರಕ್ಕೊಂದು ಪಂದ್ಯ ಎಲ್ಲಿದೆ?

16 ಮೀಟರಿಗೆ ಸುಣ್ಣದ ಗೆರೆ ಎಳೆಯುವುದು ಸುಲಭ. ಕಷ್ಟದ್ದು ಬೇರೆ. ಆಸ್ಟ್ರೇಲಿಯಾದ ಕ್ಲಬ್ಬುಗಳಲ್ಲಿ ಸ್ಕೋರ್ ಬರೆಯುವವರು, ಅಂಪೈರಿಂಗ್ ಮಾಡುವವರು, ಸ್ಟಂಪು ಹೊತ್ತು ತರುವವರು ಹೆಚ್ಚಾಗಿ ತಂದೆ ತಾಯಿಯರೇ. ನಮ್ಮಲ್ಲಿ ಅವರು ಫೀಸು ಕಟ್ಟಿ ನೆಟ್ಸಿನ ಹೊರಗೆ ನಿಲ್ಲುತ್ತಾರೆ. ಅವರು ಒಳಗೆ ಬಂದು ದುಡಿಯುವ ಕ್ಲಬ್ಬುಗಳು ಬಡಾವಣೆಗಳಲ್ಲಿ, ಹೋಬಳಿಗಳಲ್ಲಿ ಹುಟ್ಟುವ ತನಕ, ಎಂಥ ಒಳ್ಳೆಯ ನಿಯಮ ತಂದರೂ ಕ್ರಿಕೆಟ್ ಆಯ್ಕೆಯಾದವರ ಆಟವಾಗಿಯೇ ಉಳಿಯುತ್ತದೆ.