ವಲಸೆ ತಪಾಸಣೆ: ವೀಸಾ ಇದ್ದರೂ ತಪ್ಪದ ಅವಮಾನ

ವಿದೇಶಕ್ಕೆ ತೆರಳುವ ಪ್ರಯಾಣಿಕನ ಪಾಸ್‌ಪೋರ್ಟ್, ವೀಸಾಗಳನ್ನು ಪರಿಶೀಲಿಸಿ ಪ್ರವೇಶ ನೀಡುವುದು ಅಥವಾ ನಿರಾಕರಿಸುವುದು ಆ ದೇಶದ ವಲಸೆ ಅಧಿಕಾರಿಗಳ ಕರ್ತವ್ಯ. ಈ ತಪಾಸಣೆ ಸೌಜನ್ಯದ ಎಲ್ಲೆಯನ್ನು ಮೀರುತ್ತಿದೆ ಎಂಬ ದೂರು, 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ನಂತರ ಅಮೆರಿಕದ ವಿಮಾನ ನಿಲ್ದಾಣಗಳ ಕುರಿತು ಪದೇ ಪದೇ ಕೇಳಿಬಂದಿದೆ.

ಫರ್ನಾಂಡಿಸ್ ಪ್ರಕರಣ

ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸ್ ಭಾರತದ ರಕ್ಷಣಾ ಸಚಿವರಾಗಿದ್ದಾಗಲೇ ಈ ಅನುಭವಕ್ಕೆ ಗುರಿಯಾದರು. 2002ರ ಆರಂಭದಲ್ಲಿ ಅಧಿಕೃತ ಭೇಟಿಗೆಂದು ವಾಷಿಂಗ್ಟನ್‌ಗೆ ತೆರಳಿದಾಗ ಹಾಗೂ 2003ರಲ್ಲಿ ಬ್ರೆಜಿಲ್‌ಗೆ ಹೋಗುವ ಮಾರ್ಗದಲ್ಲಿ, ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಅವರ ಬಟ್ಟೆ ಬಿಚ್ಚಿಸಿ ಶೋಧಿಸಲಾಯಿತೆಂದು ಅಮೆರಿಕದ ಮಾಜಿ ಉಪ ವಿದೇಶಾಂಗ ಸಚಿವ ಸ್ಟ್ರೋಬ್ ಟಾಲ್ಬಟ್ 2004ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದರು. ಆ ವರ್ಷದ ಜುಲೈನಲ್ಲಿ ಅಂದಿನ ಉಪ ವಿದೇಶಾಂಗ ಸಚಿವ ರಿಚರ್ಡ್ ಆರ್ಮಿಟೇಜ್ ಕ್ಷಮೆ ಯಾಚಿಸಿದರು. ಅಷ್ಟರಲ್ಲಿ ಫರ್ನಾಂಡಿಸ್ ಅಧಿಕಾರದಲ್ಲಿರಲಿಲ್ಲ.

ನಟ ಶಾರುಖ್ ಖಾನ್ ಅವರನ್ನು 2009ರ ಆಗಸ್ಟ್‌ನಲ್ಲಿ ನ್ಯೂವಾರ್ಕ್‌ನಲ್ಲಿ ತಡೆದು ಪ್ರಶ್ನಿಸಲಾಯಿತು. 2012 ಮತ್ತು 2016ರಲ್ಲಿಯೂ ಅವರನ್ನು ಅಮೆರಿಕದಲ್ಲಿ ತಡೆಯಲಾಯಿತು. 2016ರ ಘಟನೆಗೆ ಭಾರತದಲ್ಲಿದ್ದ ಅಮೆರಿಕದ ರಾಯಭಾರಿ ವಿಷಾದ ವ್ಯಕ್ತಪಡಿಸಿದರು.

ಅಧಿಕಾರದ ಮೂಲ

ವೀಸಾ ಎಂಬುದು ಪ್ರವೇಶದ ಹಕ್ಕಲ್ಲ. ಗಡಿಯವರೆಗೆ ಬಂದು ಪ್ರವೇಶ ಕೋರಲು ದೊರೆಯುವ ಅನುಮತಿ ಮಾತ್ರ. ಅಂತಿಮ ತೀರ್ಮಾನ ಮೇಜಿನ ಆಚೆ ಕುಳಿತ ಅಧಿಕಾರಿಯದು. ಸಂಶಯ ಬಂದರೆ ಪ್ರಯಾಣಿಕನನ್ನು ಎರಡನೆಯ ಹಂತದ ವಿಚಾರಣೆಗೆ ಬೇರೆ ಕೊಠಡಿಗೆ ಕಳುಹಿಸಲಾಗುತ್ತದೆ. ಈ ಹಂತದಲ್ಲಿ ವಿದೇಶೀಯನಿಗೆ ಸಾಮಾನ್ಯವಾಗಿ ವಕೀಲರ ನೆರವು ಪಡೆಯುವ ಹಕ್ಕಿಲ್ಲ. 1996ರ ಕಾನೂನಿನ ಪ್ರಕಾರ, ದಾಖಲೆ ಸಮರ್ಪಕವಾಗಿಲ್ಲವೆಂದು ಅಥವಾ ಸುಳ್ಳು ಮಾಹಿತಿ ನೀಡಲಾಗಿದೆಯೆಂದು ಕಂಡುಬಂದರೆ, ನ್ಯಾಯಾಧೀಶರ ಮುಂದೆ ಒಯ್ಯದೆಯೇ ಪ್ರಯಾಣಿಕನನ್ನು ಹಿಂದಕ್ಕೆ ಕಳುಹಿಸಬಹುದು. ಹಾಗೆ ಹೊರಹಾಕಲ್ಪಟ್ಟವನು ಸಾಮಾನ್ಯವಾಗಿ ಐದು ವರ್ಷ ವಿಶೇಷ ಅನುಮತಿಯಿಲ್ಲದೆ ಮರಳಿ ಬರುವಂತಿಲ್ಲ.

ಒರಟು ಮಾತಿಗೆ ಎದುರಾಡಲು ಪ್ರಯಾಣಿಕ ಹಿಂಜರಿಯುವುದಕ್ಕೆ ಕಾರಣ ಇಲ್ಲಿದೆ. ಓದು, ಉದ್ಯೋಗ, ಮಗಳ ಬಾಣಂತನ ಎಲ್ಲವೂ ಆ ಒಂದು ಮುದ್ರೆಯನ್ನು ಅವಲಂಬಿಸಿರುವಾಗ ಅವಮಾನವನ್ನು ನುಂಗಿಕೊಳ್ಳುವುದೇ ಲೇಸೆಂದು ಹಲವರು ಭಾವಿಸುತ್ತಾರೆ.

ದೂರಿಗಿರುವ ದಾರಿ

ಸ್ಥಳದಲ್ಲಿಯೇ ಮೇಲಧಿಕಾರಿಯನ್ನು ಭೇಟಿಯಾಗಲು ಕೋರಬಹುದು. ದಿನಾಂಕ, ವೇಳೆ, ಅಧಿಕಾರಿಯ ಹೆಸರು ಅಥವಾ ಬಿಲ್ಲೆ ಸಂಖ್ಯೆಯನ್ನು ಬರೆದಿಟ್ಟುಕೊಂಡು ಬಳಿಕ ಅಮೆರಿಕದ ಗಡಿ ರಕ್ಷಣಾ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದು. ಹೆಸರಿನ ಹೋಲಿಕೆಯಿಂದ ಪದೇ ಪದೇ ತಡೆಯಲ್ಪಡುವವರಿಗಾಗಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆ 2007ರಲ್ಲಿ ಪರಿಹಾರ ವ್ಯವಸ್ಥೆಯೊಂದನ್ನು ಆರಂಭಿಸಿದೆ. ಅದರಲ್ಲಿ ದೊರೆಯುವ ಸಂಖ್ಯೆಯನ್ನು ವಿಮಾನದ ಟಿಕೆಟ್ ಕಾದಿರಿಸುವಾಗ ನಮೂದಿಸಬಹುದು.

ಸಚಿವರಿಗೂ ನಟನಿಗೂ ಕ್ಷಮೆಯ ಮಾತು ದೊರೆಯಿತು. ಹೆಸರಿಲ್ಲದ ಪ್ರಯಾಣಿಕನ ಪಾಲಿಗೆ ಉಳಿಯುವುದು ಅವನೇ ಬರೆದಿಟ್ಟುಕೊಂಡ ಈ ವಿವರಗಳು ಮಾತ್ರ.