ಕಾನ್‌ಸ್ಟೆಬಲ್, ಜಾನ್

1776-1837. ಆಂಗ್ಲ ನಿಸರ್ಗಚಿತ್ರಕಾರ. ಸಫೋಕ್ ಪ್ರಾಂತ್ಯದ ಈಸ್ಟ್ ಬರ್ಗ್‌ಹೋಲ್ಟ್ ಗ್ರಾಮದಲ್ಲಿ ಜೂನ್ 11ರಂದು ಜನಿಸಿದ. ತಂದೆ ಗೋಲ್ಡಿಂಗ್ ಧಾನ್ಯದ ವರ್ತಕ. ಸ್ಟೌರ್ ನದಿಯ ದಡದಲ್ಲಿ ಅವನಿಗೆ ಹಿಟ್ಟಿನ ಗಿರಣಿಗಳಿದ್ದುವು. ಕೆಲಕಾಲ ಈ ವ್ಯಾಪಾರದಲ್ಲಿಯೇ ತೊಡಗಿದ್ದ ಜಾನ್, 1799ರಲ್ಲಿ ತಂದೆಯ ಸಮ್ಮತಿ ಪಡೆದು ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾಶಾಲೆಯನ್ನು ಸೇರಿ, ಕ್ಲೋದ್ ಲೊರೇನ್ ಮೊದಲಾದ ಪೂರ್ವಸೂರಿಗಳ ಕೃತಿಗಳನ್ನು ಪ್ರತಿಮಾಡಿ ಅಭ್ಯಾಸ ನಡೆಸಿದ. 1802ರಲ್ಲಿ ಸೈನಿಕ ಕಾಲೇಜೊಂದರಲ್ಲಿ ಚಿತ್ರಕಲೆಯ ಅಧ್ಯಾಪಕವೃತ್ತಿ ದೊರೆಯುವಂತಿದ್ದರೂ ಅದನ್ನು ನಿರಾಕರಿಸಿದ.

ಪುರಾಣ, ಇತಿಹಾಸಗಳ ಘಟನೆಗಳೇ ಉತ್ತಮ ಚಿತ್ರಕ್ಕೆ ವಸ್ತುವೆಂದು ಪಂಡಿತರು ಎಣಿಸುತ್ತಿದ್ದ ಆ ಕಾಲದಲ್ಲಿ, ತಾನು ಬಾಲ್ಯದಿಂದ ಬಲ್ಲ ಗಿರಣಿ, ಕಾಲುವೆ, ದೋಣಿ, ಗದ್ದೆಗಳನ್ನೇ ಈತ ಆರು ಅಡಿ ಅಗಲದ ಮಹಾಪಟಗಳ ಮೇಲೆ ಚಿತ್ರಿಸತೊಡಗಿದುದು ಒಂದು ಬಗೆಯ ಸಾಹಸವೇ ಸರಿ. ಬಯಲಿನಲ್ಲಿ ಕುಳಿತು ತೈಲವರ್ಣದಲ್ಲಿ ಸಣ್ಣ ಕರಡುಗಳನ್ನು ಬರೆದುಕೊಂಡು, ಅನಂತರ ಚಿತ್ರಶಾಲೆಯಲ್ಲಿ ಪೂರ್ಣಪ್ರಮಾಣದ ಕರಡೊಂದನ್ನು ಸಿದ್ಧಪಡಿಸಿ, ಆಮೇಲೆಯೇ ಅಂತಿಮ ಕೃತಿಗೆ ಕೈಹಾಕುವುದು ಈತನ ಕ್ರಮ. 1821-22ರಲ್ಲಿ ಹ್ಯಾಂಪ್‌ಸ್ಟೆಡ್ಡಿನಲ್ಲಿದ್ದಾಗ ಮೇಘಗಳನ್ನೇ ವಸ್ತುವಾಗಿಸಿಕೊಂಡು ಅನೇಕ ಅಧ್ಯಯನಚಿತ್ರಗಳನ್ನು ಬರೆದು, ದಿನಾಂಕ, ವೇಳೆ, ಗಾಳಿಯ ಗತಿಗಳನ್ನು ಅವುಗಳ ಹಿಂಬದಿಯಲ್ಲಿ ಗುರುತಿಸಿಟ್ಟ.

1819ರಲ್ಲಿ ಪ್ರದರ್ಶಿತವಾದ 'ಬಿಳಿಯ ಕುದುರೆ' ಈತನಿಗೆ ಅಕಾಡೆಮಿಯ ಸಹಸದಸ್ಯತ್ವವನ್ನು ತಂದಿತು. 1821ರಲ್ಲಿ ಪ್ರದರ್ಶಿಸಿದ 'ಹುಲ್ಲಿನ ಬಂಡಿ' ಸ್ವದೇಶದಲ್ಲಿ ಕೊಳ್ಳುವವರನ್ನು ಕಾಣದೆ, 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗಳಿಸಿತು. ಹಸುರನ್ನು ಒಂದೇ ಬಣ್ಣವಾಗಿ ಬಳಿಯದೆ ಹಲವು ಛಾಯೆಗಳಲ್ಲಿ ಒಡೆದು ಹರಡಿದ ಈತನ ವಿಧಾನವನ್ನು ಫ್ರೆಂಚ್ ಚಿತ್ರಕಾರ ದೆಲಾಕ್ರ್ವಾ ಬಹುವಾಗಿ ಮೆಚ್ಚಿದ. ಮುಂದೆ ಬಾರ್ಬಿಜಾನ್ ಪಂಥದ ಚಿತ್ರಕಾರರೂ ಇವನಿಂದ ಪ್ರೇರಣೆ ಪಡೆದರು.

ಮರಿಯಾ ಬಿಕ್ನೆಲ್ಲಳನ್ನು ಪ್ರೀತಿಸಿದರೂ, ಅವಳ ಅಜ್ಜನ ವಿರೋಧದಿಂದಾಗಿ ವರ್ಷಗಟ್ಟಲೆ ಕಾದು 1816ರಲ್ಲಿ ವಿವಾಹವಾದ. ಏಳು ಮಕ್ಕಳ ತಾಯಿಯಾದ ಅವಳು 1828ರಲ್ಲಿ ಕ್ಷಯರೋಗಕ್ಕೆ ತುತ್ತಾದಳು. ಮರುವರ್ಷ ಅಕಾಡೆಮಿಯ ಪೂರ್ಣಸದಸ್ಯತ್ವ ಲಭಿಸಿತಾದರೂ, ಆ ಮನ್ನಣೆ ಬಂದುದು ಒಂದೇ ಮತದ ಅಂತರದಿಂದ. ಕಾರ್ಮುಗಿಲ ನಡುವೆ ಕಾಮನಬಿಲ್ಲು ಮೂಡಿರುವ 'ಹುಲ್ಲುಗಾವಲಿನಿಂದ ಕಂಡ ಸಾಲ್ಸ್‌ಬರಿ ಕೆಥೀಡ್ರಲ್' (1831) ಆ ಶೋಕಕಾಲದ ಕೃತಿ. ನಿಸರ್ಗಚಿತ್ರಕಲೆಯ ಇತಿಹಾಸವನ್ನು ಕುರಿತು 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಗಳನ್ನು ನೀಡಿದ.

1837ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಮರಣಹೊಂದಿದ. ಅದೇ ವರ್ಷ ಮಿತ್ರರೂ ಅಭಿಮಾನಿಗಳೂ ಚಂದಾ ಕೂಡಿಸಿ ಕೊಂಡ ಈತನ 'ಪೈರಿನ ಹೊಲ' ಚಿತ್ರ ರಾಷ್ಟ್ರೀಯ ಚಿತ್ರಶಾಲೆಯನ್ನು ಸೇರಿತು. 'ಹುಲ್ಲಿನ ಬಂಡಿ'ಯೂ ಈಗ ಅಲ್ಲಿಯೇ ಇದೆ.